ಮುಟ್ಟುವ ಮೊದಲು ಒಂದು ಮಾತು

ನ್ಯಾಮತಿಯ ಉಡಚಮ್ಮ ಹೆಂಗಸರ ಜೈಲಿನಲ್ಲಿ ವಾರ್ಡರ್. ಹತ್ತೊಂಬತ್ತು ವರ್ಷದಲ್ಲಿ ಅವಳ ಕಣ್ಣು ತಪ್ಪಿಸಿ ಒಂದೆಳೆ ಹೊಗೆಸೊಪ್ಪೂ ಒಳಗೆ ಹೋಗಿಲ್ಲ. ಅವಳ ಗುಟ್ಟು ಇಷ್ಟೇ: ಸದ್ದಿಲ್ಲದೆ ಹಿಂದಿನಿಂದ ಬಂದು ಗಬಕ್ಕನೆ ಭುಜ ಹಿಡಿಯುವುದು. ಬೆಚ್ಚಿದವಳು ಬಚ್ಚಿಟ್ಟದ್ದನ್ನು ಕೈಬಿಡುತ್ತಾಳೆ ಎಂಬುದು ಅವಳ ಸಿದ್ಧಾಂತ.

ಕಳೆದ ವರ್ಷ ಸಿಬ್ಬಂದಿಗೆ ಎರಡು ದಿನದ ತರಬೇತಿ ನಡೆಯಿತು. ಚನ್ನಗಿರಿಯಿಂದ ಬಂದಿದ್ದ ಅಂಬಿಕಾ ಮೇಡಂ, "ಇಲ್ಲಿರೋ ಹೆಂಗಸರು ಬಾಳ ಮಂದಿ ಏಟು ತಿಂದೇ ಬಂದವರು. ಮನಸ್ಸು ಮರೆತರೂ ಮೈ ಮರೆಯಲ್ಲ. ಹೇಳಿ ಮುಟ್ಟಿರಿ" ಎಂದರು. ಉಡಚಮ್ಮ ಬರೆದುಕೊಂಡಳು. ಊಟ ಚೆನ್ನಾಗಿತ್ತು. ಅದು ಕರಗುವಷ್ಟರಲ್ಲಿ ಕಲಿತದ್ದೂ ಕರಗಿತು.

ಆಮೇಲೆ ಜಗಳೂರು ಕಡೆಯ ಸುಂಕಲಮ್ಮ ಬಂದಳು, ಕುರಿ ಸಾಕುವವಳು. ಹಿಂದಿನಿಂದ ಜುಟ್ಟು ಹಿಡಿದೆಳೆದ ಗಂಡನ ಮೇಲೆ ಕುಡುಗೋಲು ಬೀಸಿದ ಕೇಸು. ಗಂಡನ ಎರಡು ಬೆರಳು ಹೋಗಿದ್ದವು, ಬಾಯಿ ಹಾಗೇ ಉಳಿದಿತ್ತು. ಆರು ವರ್ಷದ ಮಗಳೂ ಅವನ ಮನೆಯಲ್ಲೇ ಉಳಿದಿದ್ದಳು. ಕೋರ್ಟಿಗೆ ಹೊರಡುವ ದಿನ ಉಡಚಮ್ಮ ತಪಾಸಣೆಗೆಂದು ಹಿಂದಿನಿಂದ ಭುಜ ಹಿಡಿದದ್ದೇ ತಡ, ಸುಂಕಲಮ್ಮ ಕಿರುಚಿ ಮೂಲೆಯಲ್ಲಿ ಮುದುರಿಕೊಂಡಳು. ತಪಾಸಣೆಯಿಲ್ಲದೆ ಗೇಟು ದಾಟುವಂತಿಲ್ಲ. ವ್ಯಾನು ಅವಳನ್ನು ಬಿಟ್ಟೇ ಹೋಯಿತು. ಎರಡನೇ ವಾಯಿದೆಗೂ ಅದೇ ಕಥೆ. ಜಾಮೀನು ಅರ್ಜಿ ಅಲ್ಲೇ ಕೊಳೆಯುತ್ತಿತ್ತು.

"ಏನವ್ವ, ಮಗಳತ್ರ ಹೋಗಾಕೆ ಮನಸ್ಸಿಲ್ವಾ?" ಎಂದು ಉಡಚಮ್ಮ ಸಿಡುಕಿದಳು.

"ಮನಸ್ಸೈತೆ ಮೇಡಂ, ಮೈ ಕೇಳಲ್ಲ. ಕುರಿ ಹಿಡಿಯಾಕೂ ನಾವು ಎದುರಿಗೆ ಬಂದು ದನಿ ಕೊಡ್ತೀವಿ. ಹಿಂದಿಂದ ಕೈ ಹಾಕಿದ್ರೆ ಮಂದೆನೇ ಚೆದುರಿ ಹೋಗ್ತೈತೆ."

ಎರಡು ದಿನದ ತರಬೇತಿಯಲ್ಲಿ ತಲೆಗೆ ಹತ್ತದ್ದು ಕುರಿಯ ಮಾತಿನಲ್ಲಿ ಹತ್ತಿತು. ಮೂರನೇ ವಾಯಿದೆಯ ದಿನ ಉಡಚಮ್ಮ ಎದುರಿಗೆ ನಿಂತಳು. "ಸುಂಕಲಮ್ಮ, ಈಗ ತೋಳು ಮುಟ್ತೀನಿ. ಆಮೇಲೆ ಸೊಂಟ. ಸಾಕು ಅನ್ನಿಸಿದ್ರೆ ಹೇಳು, ನಿಲ್ಲಿಸ್ತೀನಿ." ಹೇಳುವಾಗ ಅವಳಿಗೇ ನಾಚಿಕೆಯಾಯಿತು. ಸುಂಕಲಮ್ಮ ಎರಡು ಸಲ ನಿಲ್ಲಿಸಿದಳು. ವ್ಯಾನು ಹತ್ತು ನಿಮಿಷ ಕಾಯಿತು, ಡ್ರೈವರ್ ಗೊಣಗಿದ, ಆಕಾಶವೇನೂ ಕಳಚಿ ಬೀಳಲಿಲ್ಲ. ಜಾಮೀನು ಸಿಕ್ಕಿತು.

ಗಂಡನ ಮನೆಯಿಂದ ಮಗಳನ್ನು ಕರೆದುಕೊಂಡು ತವರಿಗೆ ಹೋಗಲು ಹೊರಟ ಸುಂಕಲಮ್ಮ, ಗೇಟಿನ ಬಳಿ ಉಡಚಮ್ಮನ ಎದುರಿಗೆ ಬಂದು ನಿಂತಳು.

"ಅಕ್ಕ, ನಿಮ್ಮ ಕೈ ಹಿಡೀತೀನಿ."

"ನನಗ್ಯಾಕೆ ಹೇಳ್ತೀಯ?"

"ಮೊನ್ನೆ ಹಿಂದಿಂದ ಯಾರೋ ಕರೆದಾಗ ನೀವು ತಲೆಗೆ ಕೈ ಅಡ್ಡ ಹಿಡಿದ್ರಿ. ನೋಡಿದೆ."

ಉಡಚಮ್ಮ ಗೇಟಿನ ಬೀಗ ಸರಿಯಿದೆಯೇ ಎಂದು ನೋಡಿದಳು. ಸರಿಯಾಗಿತ್ತು.

"ನಮ್ಮನೆಯವರು ತೀರಿಕೊಂಡು ಏಳು ವರ್ಷ ಆತು, ಮೈಗಿನ್ನೂ ಗೊತ್ತಾಗಿಲ್ಲ," ಎಂದು ಕೈ ಚಾಚಿದಳು.