ಸಿಂಬೆಯ ಚಿತ್ರ ಬರೆದ ಮೇಡಮ್

ನಮ್ಮ ಡ್ರಾಯಿಂಗ್ ಮೇಡಮ್ ಎಡಗೈಯನ್ನು ಸೀರೆಯ ನೆರಿಗೆಗಳ ಮೇಲೆ ಒತ್ತಿ ಹಿಡಿದುಕೊಂಡೇ ಬಲಗೈಯಿಂದ ಬೋರ್ಡಿನ ಮೇಲೆ ಚಿತ್ರ ಬರೆಯುತ್ತಿದ್ದರು. ಸೀಮೆಸುಣ್ಣ ಕೆಳಗೆ ಬಿದ್ದರೆ ಬಗ್ಗುತ್ತಿರಲಿಲ್ಲ, ಮುಂದಿನ ಬೆಂಚಿನವರು ಎತ್ತಿಕೊಡಬೇಕಿತ್ತು. ಕುರ್ಚಿಯಿದ್ದರೂ ಅದರ ತುದಿಯಲ್ಲಷ್ಟೇ ಕೂರುವರು. ಹೊಳೆನರಸೀಪುರದ ಹೈಸ್ಕೂಲಿನ ಹುಡುಗಿಯರಾದ ನಮಗೆ ಅದು ಠೀವಿಯಾಗಿ ಕಾಣುತ್ತಿತ್ತು. ಮನೆಯಲ್ಲಿ ನಾನೂ ಕನ್ನಡಿಯ ಮುಂದೆ ಹಾಗೆ ನಿಂತು ನೋಡಿಕೊಂಡದ್ದುಂಟು.

ಪೆನ್ಸಿಲನ್ನು ಬ್ಲೇಡಿನಲ್ಲಿ ಹೆರೆದು ತುರುಬಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಯಾರಾದರೂ ಗೆರೆ ಅಳಿಸಲು ಹೋದರೆ ಸಿಡುಕುವರು: "ರಬ್ಬರ್ ಒಳಗಿಡೇ. ತಪ್ಪಿದ ಗೆರೆ ಹಾಗೇ ಇರಲಿ, ಪಕ್ಕದಲ್ಲೇ ಸರಿಯಾದ್ದು ಎಳಿ."

ನಾನು ಓದಿ ನರ್ಸಾಗಿ ಅದೇ ಊರಿನ ಆಸ್ಪತ್ರೆಗೆ ಸೇರುವ ಹೊತ್ತಿಗೆ ಮೇಡಮ್‌ಗೆ ರಿಟೈರಾಗಿತ್ತು. ಸುತ್ತಲ ಹಳ್ಳಿಗಳಿಂದ ಹೆಂಗಸರು "ನಡ ನೋವು ಕಣವ್ವ" ಎಂದು ಬರುತ್ತಿದ್ದರು. ಮಾತ್ರೆ ಈಸಿಕೊಂಡು ಹೋಗುವರು, ಮತ್ತೆ ಬರುವರು. ಹಲವರಿಗೆ ಇದ್ದದ್ದು ನಡ ನೋವಲ್ಲ. ಹೆರಿಗೆಯ ಮೇಲೆ ಹೆರಿಗೆಯಾಗಿ, ಹಸಿ ಮೈಯಲ್ಲೇ ಭಾರ ಹೊತ್ತು, ಗರ್ಭಕೋಶ ಕೆಳಕ್ಕೆ ಜಾರಿರುತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳುವುದಕ್ಕಿಂತ ಸಾಯುವುದೇ ಮೇಲು ಎಂದುಕೊಂಡವರು ಅವರು.

ನಮ್ಮ ಲೇಡಿ ಡಾಕ್ಟರು ಒಂದು ಕ್ಯಾಂಪ್ ಮಾಡೋಣವೆಂದರು. "ಪ್ರಚಾರಕ್ಕೆ ಬರಹ ಬೇಡ ಸಿಸ್ಟರ್. ಗಂಡಸರು ಓದಿಬಿಟ್ಟರೆ ಇವರು ಮನೆಯಿಂದ ಹೊರಡೋದೇ ಇಲ್ಲ. ಹೆಂಗಸರಿಗೆ ಮಾತ್ರ ತಿಳಿಯುವಂಥ ಒಂದು ಗುರುತು ಬೇಕು."

ನಾನು ಮೇಡಮ್ ಮನೆಗೆ ಹೋದೆ. ಅವರು ಮೊದಲು ತಾವರೆ ಬರೆದರು, ತಾವೇ ಮುಖ ಕಿವಿಚಿ ಪಕ್ಕಕ್ಕಿಟ್ಟರು. "ಇದು ಕ್ಯಾಲೆಂಡರಿಗೆ ಆಯ್ತು. ಈ ತೊಂದರೆಗೆ ಡಾಕ್ಟರು ಏನ್ ಮಾಡ್ತಾರೆ ಹೇಳು."

"ಕೆಲವರಿಗೆ ಆಪರೇಷನ್. ವಯಸ್ಸಾದವರಿಗೆ ಬಳೆಯಂಥದ್ದೊಂದು ಒಳಗಿಟ್ಟು ಜಾರದ ಹಾಗೆ ತಡೀತಾರೆ."

"ಬಳೆಯಂಥದ್ದಾ? ನೋವಾಗಲ್ವಾ?" ಅದನ್ನು ಅವರು ಎರಡು ಸಲ ಕೇಳಿದರು. ನಾನು ಗಮನ ಕೊಡಲಿಲ್ಲ.

ಆಮೇಲೆ ಬರೆದದ್ದು ಸಿಂಬೆ. ಹಳೆಯ ಬಟ್ಟೆಯನ್ನು ಹುರಿ ಮಾಡಿ ಸುತ್ತಿ, ಕೊಡ ಜಾರದಂತೆ ತಲೆಯ ಮೇಲಿಟ್ಟುಕೊಳ್ಳುತ್ತೇವಲ್ಲ, ಅದು. "ನೀರು ಹೊತ್ತ ಯಾವ ಹೆಂಗಸಿಗೆ ಇದು ತಿಳಿಯಲ್ಲ? ಗಂಡಸರು ಹಗ್ಗದ ಸುರುಳಿ ಅಂದ್ಕೊಂಡು ಹೋಗ್ತಾರೆ ಬಿಡು," ಎಂದು ನಕ್ಕರು.

ಸಿಂಬೆಯ ಚಿತ್ರವನ್ನು ಸಣ್ಣ ಕಾರ್ಡುಗಳ ಮೇಲೆ ಅಚ್ಚು ಹಾಕಿಸಿದೆವು. ಆಶಾ ಕಾರ್ಯಕರ್ತೆಯರು ಅದನ್ನು ಮನೆಮನೆಗೆ ಒಯ್ದು ತೋರಿಸಿ ಹೆಂಗಸರಿಗೆ ವಿಷಯ ತಿಳಿಸಿದರು: ತೊಂದರೆ ಇದ್ದವರು ಮಾತಾಡಬೇಕಿಲ್ಲ, ಕ್ಯಾಂಪಿನಲ್ಲಿ ಒಂದು ಕಾರ್ಡು ಎತ್ತಿ ಸಿಸ್ಟರ್ ಕೈಗೆ ಕೊಟ್ಟರೆ ಸಾಕು.

ಕ್ಯಾಂಪಿನ ದಿನ ಸಮುದಾಯ ಭವನ ತುಂಬಿತ್ತು. ತಟ್ಟೆಯಲ್ಲಿ ಕಾರ್ಡುಗಳಿದ್ದವು. ಯಾರೂ ಏಳಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಹಿಂದೆ ಯಾರೋ ಕಿಸಕ್ಕೆಂದರು. ಆಗ, ಅತಿಥಿಯೆಂದು ಮುಂದೆ ಕೂರಿಸಿದ್ದ ಮೇಡಮ್ ಎದ್ದರು. ಸಭೆಯ ಅರ್ಧ ಜನ ಅವರ ಹಳೇ ವಿದ್ಯಾರ್ಥಿನಿಯರು. ಎಡಗೈ ನೆರಿಗೆಯ ಮೇಲೆ, ನಿಧಾನಕ್ಕೆ ನಡೆದುಬಂದು ಕಾರ್ಡೊಂದನ್ನು ಎತ್ತಿ ನನ್ನ ಕೈಗಿಟ್ಟರು. ಕಿವಿ ಕೆಂಪಾಗಿತ್ತು.

"ನಿಮಗೆ ಪಾಠ ಮಾಡೋ ಕಾಲದಿಂದ ಇದೆ ಕಣೇ," ಎಂದರು ಪಿಸುದನಿಯಲ್ಲಿ. "ನಮ್ಮ ಮನೆಯವರಿಗೂ ಹೇಳಿರಲಿಲ್ಲ."

ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ ಎದ್ದಳು. "ಟೀಚರಮ್ಮೋರೇ ಎದ್ಮೇಲೆ ನಂಗೇನವ್ವ ನಾಚ್ಕೆ!" ಅವಳ ಹಿಂದೆ ಇನ್ನೊಬ್ಬಳು. ಮಧ್ಯಾಹ್ನದ ಹೊತ್ತಿಗೆ ತಟ್ಟೆ ಖಾಲಿಯಾಗಿತ್ತು.

ಎಲ್ಲರೂ ಹೋದ ಮೇಲೆ ಮೇಡಮ್ ನನ್ನನ್ನು ಕೇಳಿದರು: "ನೀನ್ಯಾಕೆ ತಗೊಳ್ಳಲಿಲ್ಲ?"

"ನಾನು ಸಿಸ್ಟರು, ಮೇಡಮ್," ಎಂದು ನಕ್ಕೆ.

"ಕೆಮ್ಮು ಬಂದರೆ ಕಾಲು ಬಿಗಿ ಮಾಡ್ಕೊಂಡು ನಿಲ್ತೀಯ. ನನಗೆ ಗೊತ್ತಾಗಲ್ವೇನೇ?"

ಎರಡನೇ ಹೆರಿಗೆಯಿಂದ ನಾನೂ ಅದನ್ನು ಮುಚ್ಚಿಟ್ಟುಕೊಂಡಿದ್ದೆ. ಜೊತೆಯವರೇ ಇರುವ ನಮ್ಮ ಆಸ್ಪತ್ರೆಯಲ್ಲಿ ತೋರಿಸಿಕೊಳ್ಳಲು ಮನಸ್ಸು ಒಪ್ಪಲಿಲ್ಲ. ನಾಚಬೇಡಿ ಎಂದು ದಿನವೂ ಬೇರೆಯವರಿಗೆ ಹೇಳುತ್ತಿದ್ದವಳು ನಾನೇ. ಮೇಡಮ್ ವಾದ ಮಾಡಲಿಲ್ಲ. ಮುಂದಿನ ವಾರ ಬಸ್ಸಿನಲ್ಲಿ ಹಾಸನಕ್ಕೆ ಕರೆದುಕೊಂಡು ಹೋದರು, ಗುರುತಿನವರಿಲ್ಲದ ಆಸ್ಪತ್ರೆಗೆ. ನನ್ನನ್ನು ಒಳಗೆ ಕಳಿಸಿ, ನನ್ನ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಹೊರಗಿನ ಬೆಂಚಿನಲ್ಲಿ ಕಾದರು. ನನಗೆ ವಾಸಿಯಾಯಿತು. ಅವರೂ ಡಾಕ್ಟರ ಹತ್ತಿರ ಆ ಬಳೆಯಂಥದ್ದನ್ನು ಹಾಕಿಸಿಕೊಂಡ ಮೇಲೆ ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಮೊಮ್ಮಗಳಿಗೆ ಚಿತ್ರ ಹೇಳಿಕೊಡುವುದನ್ನು ಕಣ್ಣಾರೆ ಕಂಡೆ.

ಹೋದ ವರ್ಷ ಮೇಡಮ್ ತೀರಿಕೊಂಡರು. ಸ್ಕೂಲಿನಲ್ಲಿ ಶ್ರದ್ಧಾಂಜಲಿ ಸಭೆ ಇತ್ತು. ಒಬ್ಬೊಬ್ಬರೂ ಅವರ ಶಿಸ್ತು, ಅವರ ಚಿತ್ರಗಳ ಬಗ್ಗೆ ಮಾತಾಡಿದರು. ಸಿಂಬೆಯ ಮಾತು ಯಾರೂ ಎತ್ತಲಿಲ್ಲ. ನಾನು ಎತ್ತಬೇಕೆಂದೇ ಹೋಗಿದ್ದೆ. ಮೈಕು ಕೈಗೆ ಬಂದಾಗ ಮುಂದಿನ ಸಾಲು ಕಾಣಿಸಿತು: ಹೆಡ್‌ಮಾಸ್ಟರು, ಮೇಡಮ್‌ರ ಮಕ್ಕಳು, ನನ್ನ ಗಂಡ. "ತುಂಬಾ ಒಳ್ಳೆಯ ಟೀಚರ್. ಅವರ ಋಣ ದೊಡ್ಡದು," ಎಂದಷ್ಟೇ ಹೇಳಿ ಕೆಳಗಿಳಿದುಬಿಟ್ಟೆ. ಯಾವ ಋಣ ಎಂದು ಹೇಳಲಿಲ್ಲ.

ಗೇಟಿನ ಹತ್ತಿರ ಒಬ್ಬ ಹೆಂಗಸು ನನ್ನ ಕೈ ಹಿಡಿದುಕೊಂಡಳು. ಅರಕಲಗೂಡು ಕಡೆಯ ಹಳ್ಳಿಯವಳು, ಕ್ಯಾಂಪಿಗೆ ಬಂದಿದ್ದವಳು.

"ಸಿಸ್ಟ್ರೇ, ಅವತ್ತು ಮೊದ್ಲು ಎದ್ದಿದ್ದು ಈ ಟೀಚರಮ್ಮೋರೇ ಅಲ್ವಾ? ನಾನೂ ಇವ್ರನ್ನ ನೋಡೇ ಎದ್ದಿದ್ದು. ನೀವು ಯೋಳ್ತೀರಿ ಅಂತ ಕಾಯ್ಕಂಡ್ ಕುಂತಿದ್ದೆ ಕಣವ್ವ. ಯಾಕ್ ಯೋಳ್ಲಿಲ್ಲ?"

ಆಕೆಯ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ನಿಜಕ್ಕೂ ತಿಳಿಯಬೇಕೆಂದೇ ಕೇಳಿದ್ದಳು. ನನ್ನ ಗಂಡ ಗಾಡಿ ಸ್ಟಾರ್ಟ್ ಮಾಡಿ ಕರೆಯುತ್ತಿದ್ದರು. ಕೈ ಬಿಡಿಸಿಕೊಂಡು ಹೋಗಿ ಗಾಡಿ ಹತ್ತಿದೆ.