ಅಕ್ಕನ ಕೆನ್ನೆಗೆ ಗೊತ್ತಿದ್ದದ್ದು

ಅಕ್ಕನಿಗೆ ಹುಚ್ಚು ಹಿಡಿದಿರಲಿಲ್ಲ. ಅಡುಗೆ ಭಟ್ಟರು ಸೌಟು ನೆಕ್ಕಿದ್ದರು, ಅಷ್ಟೇ.

ಮಕ್ಕಳೇ, ನಾನು ಚಿಕ್ಕವಳಿದ್ದಾಗ ಮದ್ರಾಸಿನ ಎಗ್ಮೋರ್ ಸ್ಟೇಷನ್ ಹತ್ತಿರ ಅಪ್ಪ ಸಣ್ಣ ಹೋಟೆಲು ನಡೆಸುತ್ತಿದ್ದರು. ಅಕ್ಕ ಹುಟ್ಟುಕಿವುಡಿ. ಮಾತಿಲ್ಲ, ಶಾಲೆಯಿಲ್ಲ. ಇಡೀ ದಿನ ಒಲೆಯ ಪಕ್ಕ ಕೂತು ಹಿಟ್ಟು ರುಬ್ಬುತ್ತಿದ್ದಳು.

ಒಂದು ಮಧ್ಯಾಹ್ನ ಊಟದ ಗದ್ದಲದಲ್ಲಿ ಅವಳು ದಡಕ್ಕನೆ ಎದ್ದು ಭಟ್ಟರ ಕೈಯಿಂದ ಸೌಟು ಕಿತ್ತುಕೊಂಡು ಅವರ ಮುಖಕ್ಕೇ ಬಾರಿಸಿದಳು. ಸಾಂಬಾರಿನ ಹಂಡೆಯನ್ನು ಒದ್ದು ಉರುಳಿಸಿದಳು. ಕುದಿಯುವ ಸಾಂಬಾರು ಭಟ್ಟರ ಪಾದ ಸುಟ್ಟಿತು. ಇಂಗಿನ ವಾಸನೆ, ಹಬೆ, ಕಿರುಚಾಟ. ಗಿರಾಕಿಗಳು ತಮಿಳಿನಲ್ಲಿ ‘ಐಯೋ, ಪೈತ್ಯಂ!’, ಹುಚ್ಚು ಎನ್ನುತ್ತ ಎಲೆ ಬಿಟ್ಟು ಎದ್ದರು.

‘ಧಣಿ, ಈ ಮೂಗಿ ಹೆಣ್ಣಿಗೆ ಹುಚ್ಚು ಕೆದರಿದೆ!’ ಎಂದು ಭಟ್ಟರು ಬೊಬ್ಬೆ ಹಾಕಿದರು.

ಅಪ್ಪ ಸೌದೆ ಎತ್ತಿಕೊಂಡು ಬಡಿದರು. ಅಕ್ಕನ ಹಣೆ ಒಡೆಯಿತು.

‘ಅವಳು ಎಂತದೋ ಕಂಡಿದ್ದಾಳೆ ಅಪ್ಪಾ!’ ಎಂದು ನಾನು ಕೂಗಿದೆ.

‘ಬಾಯಿ ಮುಚ್ಚು. ಮಾತೇ ಬಾರದವಳಿಗೆ ಎಂತ ಮಣ್ಣು ಗೊತ್ತುಂಟು? ನಾಳೆಯೇ ಹುಚ್ಚಾಸ್ಪತ್ರೆಗೆ ಹಾಕ್ತೇನೆ.’

ಅಕ್ಕ ಅಳಲಿಲ್ಲ. ಭಟ್ಟರ ಕಡೆ ಸೌಟು ತೋರಿಸಿದಳು. ತನ್ನ ಬೆರಳು ಚೀಪಿದಳು, ಅದನ್ನು ಉರುಳಿದ ಹಂಡೆಯೊಳಗೆ ಅದ್ದಿದಳು, ತನ್ನ ಕೆನ್ನೆಗೆ ತಾನೇ ಫಟಾರನೆ ಹೊಡೆದುಕೊಂಡಳು. ಮತ್ತೆ ಚೀಪಿದಳು, ಅದ್ದಿದಳು, ಹೊಡೆದುಕೊಂಡಳು. ಚಿಕ್ಕಂದಿನಲ್ಲಿ ಅವಳು ಅನ್ನದ ಪಾತ್ರೆಗೆ ಎಂಜಲು ಬೆರಳು ಹಾಕಿದಾಗಲೆಲ್ಲ ಅಮ್ಮ ಹೊಡೆಯುತ್ತಿದ್ದದ್ದು ಹಾಗೆಯೇ.

ಅಪ್ಪನ ಸೌದೆ ಗಾಳಿಯಲ್ಲೇ ನಿಂತಿತು. ‘ಭಟ್ರೇ, ನೆಕ್ಕಿದ್ದು ಹೌದಾ?’

‘ಉಪ್ಪು ನೋಡಿದ್ದು, ಧಣಿ...’

ಅದೇ ಸೌದೆ ಭಟ್ಟರ ಬೆನ್ನ ಮೇಲೆ ಮುರಿಯಿತು. ಅವರನ್ನು ಬೀದಿಯವರೆಗೂ ಎಳೆದು ಹಾಕಿದರು. ಆಸ್ಪತ್ರೆಯ ಮಾತು ಅಲ್ಲಿಗೇ ಮುಗಿಯಿತು.

‘ಎಂಜಲು’ ಎನ್ನುವ ಪದವನ್ನು ಅಕ್ಕ ಒಂದು ದಿನವೂ ಕೇಳಿದವಳಲ್ಲ. ಆದರೂ ಅದು ಏನೆಂದು ಅವಳಿಗೆ ಗೊತ್ತಿತ್ತು. ಕಿವಿಯಿಂದ ಬರಲಿಲ್ಲ, ಕೆನ್ನೆಯಿಂದ ಬಂತು. ಮಕ್ಕಳೇ, ನಿಮಗೆ ಆ ಪದ ಕನ್ನಡದಲ್ಲೂ ಗೊತ್ತು, ತಮಿಳಿನಲ್ಲೂ ಗೊತ್ತು. ಗೊತ್ತಿದ್ದೂ ಒಂದೇ ಬಾಟಲಿಗೆ ನಾಲ್ವರು ಬಾಯಿ ಹಚ್ಚಿ ಕುಡಿಯುತ್ತೀರಿ. ನಿಮ್ಮನ್ನು ಯಾರೂ ಹೊಡೆಯುವುದಿಲ್ಲ. ಒಳ್ಳೆಯದೇ.

ಅಕ್ಕನ ಹಣೆಯ ಬಗ್ಗೆ ಮಾತ್ರ ಅಪ್ಪ ತುಟಿ ಬಿಚ್ಚಲಿಲ್ಲ. ಮರುದಿನ ಬೆಳಿಗ್ಗೆ ಅವರ ಕಾಫಿಯನ್ನು ನಾನೇ ಒಯ್ದೆ. ಅವರ ಕಣ್ಣೆದುರೇ ಬೆರಳು ಚೀಪಿ ಲೋಟದಲ್ಲಿ ಅದ್ದಿದೆ. ಅವರ ಕೈ ಮೇಲೆದ್ದಿತು.

ನಾನು ಕೆನ್ನೆ ಒಡ್ಡಿ ನಿಂತೆ. ‘ಹೊಡೀರಿ ಅಪ್ಪಾ. ಆದರೆ ಮೊದಲು ಎಂತಕ್ಕೆ ಅಂತ ಕೇಳಿ,’ ಎಂದೆ.