ಇಪ್ಪತ್ತನಾಲ್ಕರ ಆವರೇಜ್

ನಮ್ಮ ಕಡೆ ಸಾವಿನ ಮನೆಯ ಕಟ್ಟೆಯ ಮೇಲೂ ಗಂಡಸರು ಹೆಚ್ಚು ಹೊತ್ತು ಸುಮ್ಮನೆ ಕೂಡುವುದಿಲ್ಲ. ಮೊದಲು ಹೋದವರ ಗುಣಗಾನ, ಆಮೇಲೆ ಮಳೆ, ಕಬ್ಬು. ಕೊನೆಗೆ ಯಾರಾದರೊಬ್ಬರು ಬಾಗಿಲಲ್ಲಿ ನಿಂತ ಕಾರಿನ ಕಡೆ ನೋಡಿ ಕೇಳಿಯೇ ಕೇಳುತ್ತಾರೆ, ಗಾಡಿ ಆವರೇಜ್ ಎಷ್ಟು ಕೊಡುತ್ತದೆ ಅಂತ. ಲೀಟರ್ ಡೀಸೆಲ್‌ಗೆ ಎಷ್ಟು ಕಿಲೋಮೀಟರ್ ಓಡುತ್ತದೆ ಎಂಬುದಕ್ಕೆ ಕೊಲ್ಲಾಪುರದಿಂದ ಗಡಹಿಂಗ್ಲಜದವರೆಗೆ ಎಲ್ಲರ ಬಾಯಲ್ಲೂ ಇದೊಂದೇ ಮಾತು. ಕಡಿಮೆ ಹೇಳಿದರೆ ಕಾರಿಗಿಂತ ಕಾರಿನವನಿಗೇ ಅವಮಾನ.

ಅಂದು ಗಡಹಿಂಗ್ಲಜದಲ್ಲಿ ಹಾಗೆ ಕೇಳಿದವನು ನನ್ನ ದೊಡ್ಡವ್ವನ ಅಳಿಯ. ದೊಡ್ಡವ್ವನ ಗಂಡ ತೀರಿಕೊಂಡು ಮೂರು ದಿನವಾಗಿತ್ತು. ಅಕ್ಕನನ್ನು ಮಾತಾಡಿಸಬೇಕು ಎಂದು ಅವ್ವ ಹಟ ಹಿಡಿದಿದ್ದಳು. ಇಚಲಕರಂಜಿಯಿಂದ ನಾನೇ ಕರೆದುಕೊಂಡು ಹೋಗಿದ್ದೆ.

ಅದು ಭಾದ್ರಪದದ ದಶಲಕ್ಷಣ ಪರ್ವದ ಕಾಲ. ಕ್ಷಮೆ, ಸತ್ಯ ಹೀಗೆ ದಿನಕ್ಕೊಂದು ಧರ್ಮದ ಹೆಸರಿನ ಆ ಹತ್ತು ದಿನ ನಮ್ಮ ಜೈನರ ಮನೆಗಳಲ್ಲಿ ಮಕ್ಕಳೂ ಒಂದಿಷ್ಟು ನೇಮ ಮಾಡುತ್ತಾರೆ. ಎಪ್ಪತ್ತನಾಲ್ಕರ ಅವ್ವನನ್ನು ತಡೆಯುವವರು ಯಾರು? ರಕ್ತದೊತ್ತಡ ಇದೆ, ಸಕ್ಕರೆ ಇದೆ, ಉಪವಾಸ ಪೂರ್ತಿ ಬಿಡಿ ಎಂದು ಕೊಲ್ಲಾಪುರದ ಡಾಕ್ಟರು ಹೇಳಿದ್ದರು. ಅವಳ ಜೊತೆ ಜಗಳವಾಡಿ ನಾನು ಒಂದು ಒಪ್ಪಂದಕ್ಕೆ ಬಂದಿದ್ದೆ. ಒಂದು ದಿನ ಉಪವಾಸ ಮಾಡಿದರೆ ಮರುದಿನ ಒಂದು ಹೊತ್ತಾದರೂ ಉಣ್ಣಲೇಬೇಕು. ನಿನ್ನೆ ಅವಳ ಉಪವಾಸ, ಇವತ್ತು ಊಟದ ದಿನ. ಆದರೆ ಅಕ್ಕನ ಮುಖ ನೋಡದೆ ಉಣ್ಣುವುದಿಲ್ಲ ಎಂದು ಬರಿ ಹೊಟ್ಟೆಯಲ್ಲೇ ಹೊರಟಿದ್ದಳು, ಸೂತಕದ ಮನೆಯಲ್ಲಿ ಅವಳು ನೀರನ್ನೂ ಮುಟ್ಟುವುದಿಲ್ಲ. ನಮ್ಮ ಮನೆಗೆ ಬಂದು, ಸ್ನಾನ ಮಾಡಿ, ಸೂರ್ಯ ಮುಳುಗುವುದರೊಳಗೆ ಉಣ್ಣಬೇಕು. ಮುಳುಗಿದ ಮೇಲೆ ಉಂಡದ್ದು ಅವಳ ಜನ್ಮದಲ್ಲಿ ಇಲ್ಲ. ಹೊರಡುವ ಮುಂಚೆಯೇ ಹೇಳಿದ್ದೆ, "ಐದೂವರಿಗೆ ಮನ್ಯಾಗಿರ್ತಿ, ನಂದ ಜವಾಬ್ದಾರಿ."

ಅಳಿಯ ಕಟ್ಟೆಯ ಮೇಲಿಂದ ನನ್ನ ಕಾರನ್ನು ಮೇಲಿಂದ ಕೆಳಗೆ ನೋಡಿದ.

"ಗಾಡಿ ಆವರೇಜ ಎಷ್ಟ ಕೊಡತೈತ್ರಿ ಪಾವಣ್ಯಾರ?" ನಮ್ಮ ಕಡೆ ನೆಂಟರನ್ನು ಕರೆಯುವುದೇ ಹಾಗೆ.

"ಇಪ್ಪತ್ನಾಕ," ಅಂದೆ.

"ಅಯ್ಯ, ಭಾಳ ಚಲೋ ಆತಲ್ರಿ. ನಂದೂ ಅದ ಎಂಜಿನ್ನು, ಇಪ್ಪತ್ತೆರಡರ ಮ್ಯಾಲ ಹೋಗವಲ್ದು."

ಆ ಎರಡು ಕಿಲೋಮೀಟರ್ ಹೆಚ್ಚಾದದ್ದಕ್ಕೆ ನನ್ನ ಎದೆ ಸಾವಿನ ಮನೆಯಲ್ಲೂ ಉಬ್ಬಿತು. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಇಪ್ಪತ್ತನಾಲ್ಕು ಎಂಬುದು ಕಂಪನಿಯ ಕಾಗದದಲ್ಲಿದ್ದ ಅಂಕಿ. ಸೆಕೆಂಡ್ ಹ್ಯಾಂಡ್ ಕಾರು ಬೇಡ ಅಂತ ಮನೆಯವರೆಲ್ಲ ಅಂದಾಗ ಅದೇ ಅಂಕಿ ತೋರಿಸಿ ಬಾಯಿ ಮುಚ್ಚಿಸಿದ್ದೆ. ಹಾಗೆ ನೋಡಿದರೆ ಈ ವಿಷಯದಲ್ಲಿ ನನಗಿಂತ ಬುದ್ಧಿವಂತ ಇರಬಾರದು. ಇಚಲಕರಂಜಿಯಲ್ಲಿ ನನ್ನದು ಹನ್ನೆರಡು ಮಗ್ಗಗಳ ಶೆಡ್ಡು. ಮಗ್ಗ ಮಾರಲು ಬಂದವನು ಪಾಳಿಗೆ ಇಷ್ಟು ಮೀಟರ್ ಬಟ್ಟೆ ಎಂದರೆ ಅವನ ಮುಖದ ಮುಂದೆಯೇ ನಗುತ್ತೇನೆ. ನೂಲು ಹರಿಯುತ್ತದೆ, ಕರೆಂಟು ಹೋಗುತ್ತದೆ, ಮಗ್ಗ ನಡೆಸುವವನು ಚಹಾಕ್ಕೆ ಏಳುತ್ತಾನೆ. ಹೇಳಿದಷ್ಟು ಮೀಟರ್ ಇಳಿದ ಪಾಳಿಯನ್ನು ನಾನು ಕಂಡಿಲ್ಲ. ಕಾರಿನ ಕಾಗದವನ್ನು ಮಾತ್ರ ಕಣ್ಣಿಗೊತ್ತಿಕೊಂಡು ನಂಬಿದ್ದೆ.

ನಂಬಿದ್ದೆ ಎಂದರೂ ಸುಳ್ಳೇ. ಎರಡು ಸಲ ಡೀಸೆಲ್ ಟಾಕಿ ತುಂಬಿಸಿ ಅಳೆದು ನೋಡಿದ್ದೆ, ಎರಡು ಸಲವೂ ಹದಿನೇಳು. ಮೊದಲ ಸಲ ಎ.ಸಿ. ಹಾಕಿದ್ದೆ ಅಂದುಕೊಂಡೆ. ಎರಡನೆಯ ಸಲ ಕೊಲ್ಲಾಪುರದ ಟ್ರಾಫಿಕ್ಕಿನ ಮೇಲೆ ಹಾಕಿದೆ. ಹದಿನೇಳು ಎಂಬ ಮಾತನ್ನು ಹೆಂಡತಿಯ ಮುಂದೂ ಆಡಲಿಲ್ಲ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಜಾತಿ ನಾನು.

ಇದರ ಮೇಲೆ ಟಾಕಿಯ ಮುಳ್ಳು ಬೇರೆ ಅರ್ಧಕ್ಕೆ ನಿಂತುಬಿಟ್ಟಿತ್ತು. ಸಾಮಾನು ಬರುವವರೆಗೆ ಕಿಲೋಮೀಟರ್ ನೋಡಿಕೊಂಡು ಓಡಿಸಿ ಎಂದಿದ್ದ ಗ್ಯಾರೇಜಿನವನು. ನಲವತ್ತು ಲೀಟರ್ ತುಂಬಿಸಿದ್ದೆ. ನಲವತ್ತನ್ನು ಇಪ್ಪತ್ತನಾಲ್ಕರಿಂದ ಗುಣಿಸಿ, ಒಂಬೈನೂರ ಅರವತ್ತು ಕಿಲೋಮೀಟರಿಗೆ ಚಿಂತೆಯಿಲ್ಲ ಅಂದುಕೊಂಡಿದ್ದೆ. ಅಂದು ಗಡಹಿಂಗ್ಲಜದಲ್ಲಿ ಆರುನೂರ ಐವತ್ತು ಮುಗಿದಿತ್ತು.

ಮೂರೂವರೆಗೆ ಹೊರಟೆವು. ಅಳಿಯನ ಕಾರು ರಿಪೇರಿಗೆ ಹೋಗಿತ್ತು. ತನ್ನೂರು ನೇಸರಿಯ ಬಸ್ಸು ಹಿಡಿಯಬೇಕೆಂದು ಅವನೂ ಹಿಂದೆ ಕೂತ. ಸ್ಟ್ಯಾಂಡಿನ ಹತ್ತಿರ ಪೆಟ್ರೋಲ್ ಪಂಪು ಕಂಡ ಕೂಡಲೇ ಅವ್ವ ಅಂದಳು, "ಯಪ್ಪಾ, ಎಣ್ಣಿ ಹಾಕಿಸ್ಕೊಂಡ ಬಿಡು. ದೂರದ ದಾರಿ."

ಒಳಗಿನಿಂದ ಹದಿನೇಳು ಒಂದು ಸಲ ತಲೆಯೆತ್ತಿತು. ನಿಜಕ್ಕೂ ಎತ್ತಿತು. ಆದರೆ ಹಿಂದೆ ಇಪ್ಪತ್ತೆರಡರವನು ಕೂತಿದ್ದ.

"ಇನ್ನ ಮುನ್ನೂರ ಕಿಲೋಮೀಟರ್ ಹೊಕ್ಕೈತವ್ವಾ," ಅಂದೆ.

"ಇಪ್ಪತ್ನಾಕ ಕೊಡೂ ಗಾಡಿಗೆ ಯಾತರ ಎಣ್ಣಿರಿ ಅತ್ತಿ!" ಎಂದು ಅಳಿಯ ನಕ್ಕು ಇಳಿದು ಹೋದ. ಅವನು ಇಳಿದ ಮೇಲಾದರೂ ಕಾರು ತಿರುಗಿಸಬಹುದಿತ್ತು. ತಿರುಗಿಸಲಿಲ್ಲ, ಅವನಿನ್ನೂ ಬಸ್ಸಿಗೆ ಕಾಯುತ್ತ ರಸ್ತೆಯ ಕಡೆಗೇ ನೋಡುತ್ತ ನಿಂತಿದ್ದ.

ನಿಪ್ಪಾಣಿಯ ದಾರಿಯಲ್ಲಿ ಒಂದು ಏರಿನ ನಡುವೆ ಕಾರು ಎರಡು ಸಲ ಬಿಕ್ಕಿ ನಿಂತಿತು. ನಾಲ್ಕೂಕಾಲು ಗಂಟೆ. ಎರಡೂ ಬದಿಗೆ ಆಳೆತ್ತರದ ಕಬ್ಬು. ಮೀಟರು ಆರುನೂರ ಎಪ್ಪತ್ತಾರು ತೋರಿಸುತ್ತಿತ್ತು. ಅದನ್ನು ನಲವತ್ತರಿಂದ ಭಾಗಿಸುವ ಧೈರ್ಯ ನನಗೆ ಬರಲಿಲ್ಲ.

"ಏನಾತೋ?" ಎಂದಳು ಅವ್ವ.

"ಏನೋ ಕೆಟ್ಟೈತಿ, ನೋಡ್ತೇನಿ," ಅಂದೆ. ಬಾನೆಟ್ ಎತ್ತಿ ಏನೋ ನೋಡಿದಂತೆ ಮಾಡಿದೆ.

ಒಬ್ಬ ಬೈಕಿನವನು ನಿಂತ. ಎಣ್ಣೆ ಮುಗಿದದ್ದನ್ನು ಅವನ ಕಿವಿಯಲ್ಲಿ ಹೇಳಿದೆ, ಪೆಟ್ರೋಲ್ ತೆಗೆದುಕೊಡಲೇ ಅಂದ. ನಮ್ಮದು ಡೀಸೆಲ್ ಅಂದೆ. "ಡಿಝೆಲ್ ಹಾಯ ವ್ಹಯ? ಮಗ ಕಾಯ ಉಪಯೋಗ ನಾಯ್," ಡೀಸೆಲ್ ಆದರೆ ತನ್ನಿಂದ ಉಪಯೋಗವಿಲ್ಲ ಎಂದು ಮರಾಠಿಯಲ್ಲಿ ಕನಿಕರಪಟ್ಟು ಹೋದ. ಅವನ ಮಾತನ್ನು ಅವ್ವ ಕೇಳಿಸಿಕೊಂಡಳು. ಏನು ಕೆಟ್ಟಿದೆ ಎಂದು ಅವಳು ಮತ್ತೆ ಕೇಳಲಿಲ್ಲ. ಇಳಿದು, ರಸ್ತೆ ಬದಿಯ ಕಲ್ಲಿನ ಮೇಲೆ ಸೆರಗು ಹೊದ್ದು ಕೂತು ಜಪಮಾಲೆ ತೆಗೆದಳು.

ಐದು ದಾಟಿದ ಮೇಲೆ ಹಾಲಿನ ಟೆಂಪೊ ಒಂದು ಬಂತು. ಅದರ ಡ್ರೈವರು ಒಳ್ಳೆಯ ಮನುಷ್ಯ. ನಳಿಕೆ ಇಳಿಬಿಟ್ಟು ಬಾಯಿಂದ ಎಳೆದು ಐದು ಲೀಟರ್ ಕೊಟ್ಟ. ನಾನು ಚಾವಿ ತಿರುಗಿಸಿದೆ. ಎಂಜಿನ್ನು ಗೊರಗೊರ ಅಂದಿತೇ ವಿನಾ ಹತ್ತಲಿಲ್ಲ.

"ಬರೇ ಡಿಜೇಲ ಹಾಕಿದ್ರ ಚಾಲೂ ಆಗಂಗಿಲ್ರಿ ಸಾವ್ಕಾರ. ಪೈಪಿನ್ಯಾಗ ಹವಾ ಹೊಕ್ಕೈತಿ. ಡಿಜೇಲ ಗಾಡೀನ ಪೂರಾ ಖಾಲಿ ಮಾಡಬಾರ್ದ್ರಿ, ಗೊತ್ತಿಲ್ಲೇನು?"

ಗೊತ್ತಿರಲಿಲ್ಲ. ಬಾನೆಟ್ ಒಳಗೆ ಒಂದು ರಬ್ಬರಿನ ಗುಂಡು ತೋರಿಸಿ, ಹವಾ ಹೋಗುವವರೆಗೆ ಒತ್ತುತ್ತಾ ಇರಿ ಎಂದ. ಒತ್ತಿದೆ. ಅಂಗಿ ಬೆನ್ನಿಗೆ ಅಂಟಿತು. ಒತ್ತುತ್ತಲೇ ಸೂರ್ಯನನ್ನು ನೋಡುತ್ತಿದ್ದೆ. ಪರ್ವದ ದಿನ ಬಸದಿಯಲ್ಲಿ ನಿಂತು ಮಾಡದ ಪ್ರಾರ್ಥನೆಯನ್ನು ಆ ಮಸಿ ಹಿಡಿದ ಗುಂಡಿನ ಮುಂದೆ ಮಾಡಿದೆ.

ತಡೆಯಲಾರದೆ ಅವ್ವನ ಹತ್ತಿರ ಹೋದೆ. "ಅವ್ವಾ, ಹೊತ್ತ ಇನ್ನೂ ಐತಿ. ಆ ಬಾವಿ ಮ್ಯಾಲ ಜಳಕಾ ಮಾಡು. ಯಾರದರೆ ತೋಟದಾಗಿಂದ ಎರಡ ಬಾಳಿಹಣ್ಣ ತರ್ತೇನಿ."

"ಈ ವಯಸ್ಸಿನ್ಯಾಗ ಬಯಲಾಗ ಜಳಕಾ ಮಾಡಂತೀಯೇನೋ?" ಎಂದು ನಕ್ಕಳು. ತುಟಿ ಒಣಗಿ ಬಿಳಿಚಿಕೊಂಡಿತ್ತು. "ಬಾಟ್ಲಿ ನೀರರೆ ಕುಡಿ," ಅಂದೆ. "ನೀ ನಿನ್ನ ಕೆಲಸಾ ಮಾಡು, ಹೋಗು," ಎಂದು ಮಣಿ ಎಣಿಸತೊಡಗಿದಳು. ಅವಳನ್ನು ಎತ್ತಿಕೊಂಡು ಓಡಬೇಕು ಅನ್ನಿಸಿತು. ಎತ್ತ ಓಡುವುದು?

ಎಂಜಿನ್ನು ಚಾಲೂ ಆದಾಗ ಆರಕ್ಕೆ ಹತ್ತು ನಿಮಿಷವಿತ್ತು. ನಿಪ್ಪಾಣಿಯ ಮೊದಲ ಪಂಪಿನಲ್ಲಿ ಡೀಸೆಲ್ ಹಾಕಿಸಿ ಹೆದ್ದಾರಿಯಲ್ಲಿ ಎಂದೂ ಓಡಿಸದಷ್ಟು ಜೋರಾಗಿ ಓಡಿಸಿದೆ. ಸೂರ್ಯ ಎಡಕ್ಕೆ, ಅವ್ವನ ಕಿಟಕಿಯಾಚೆ ನಮ್ಮ ಜೊತೆಗೇ ಬರುತ್ತಿದ್ದ. ಕಾಗಲದ ಹತ್ತಿರ ಕಿಟಕಿಯಲ್ಲಿ ಏನೂ ಉಳಿಯಲಿಲ್ಲ. "ಸಾವಕಾಶ ಹೊಡಿ ಇನ್ನ. ಏನ ಅವಸರೈತಿ?" ಎಂದಳು ಅವ್ವ. ನಾನು ಅಳುತ್ತಿದ್ದೆ, ಅವಳು ಅದನ್ನು ನೋಡಲಿಲ್ಲ, ಅಥವಾ ನೋಡದಂತೆ ಇದ್ದಳು.

ಮನೆಯಲ್ಲಿ ಹೆಂಡತಿ ತಾಟು ಮುಚ್ಚಿಟ್ಟಿದ್ದಳು. ನಮ್ಮ ಮುಖ ನೋಡಿ ಒಳಗೆ ಎತ್ತಿಕೊಂಡು ಹೋದಳು. ಅವ್ವ ಸ್ನಾನ ಮುಗಿಸಿ ಬರುವಷ್ಟರಲ್ಲಿ ಅಳಿಯನ ಫೋನು. ನಾನು ಅದನ್ನು ಎತ್ತದೆ ಮಗುಚಿ ಇಟ್ಟದ್ದು ಕಂಡು ಅವ್ವನೇ ತೆಗೆದುಕೊಂಡಳು.

"ಹೊತ್ತಿನ್ಯಾಗ ಮುಟ್ಟಿದಿವಪ್ಪಾ. ಊಟಾನೂ ಆತು. ಎಣ್ಣಿ? ಏ, ಸಾಕಾಗಿ ಉಳದೈತಿ."

ಮರುದಿನ ಬೆಳಿಗ್ಗೆ ಗಂಜಿಯ ಬಟ್ಟಲು ಕೈಯಲ್ಲಿದ್ದಂತೆಯೇ ಅವಳು ಪಕ್ಕಕ್ಕೆ ವಾಲಿದಳು. ಕೊಲ್ಲಾಪುರಕ್ಕೆ ಅದೇ ಕಾರಿನಲ್ಲಿ ಒಯ್ದೆ. ಎರಡು ದಿನ ಸಲೈನ್ ಹಚ್ಚಿದರು. ಡಾಕ್ಟರು ನನ್ನನ್ನು ಬೈದರು, ಸಾಕಷ್ಟು ಬೈಯಲಿಲ್ಲ ಅನ್ನಿಸಿತು.

ಪರ್ವ ಮುಗಿದ ಮೇಲೆ ಕ್ಷಮಾವಣಿ. ಅಂದು ಎಲ್ಲರೂ ಎಲ್ಲರಲ್ಲಿ ತಪ್ಪು ಒಪ್ಪಿಕೊಂಡು ಕ್ಷಮೆ ಕೇಳುತ್ತಾರೆ. ಹದಿನೇಳನ್ನು ಬಾಯಿ ಬಿಟ್ಟು ಹೇಳಬೇಕೆಂದು ಅವ್ವನ ಮುಂದೆ ಕೈಮುಗಿದು ನಿಂತೆ. ಅವಳೇ ಮೊದಲು ಮಾತಾಡಿದಳು.

"ಅವತ್ತ ಫೋನಿನ್ಯಾಗ ಸುಳ್ಳ ಹೇಳೇನಿ. ಪರ್ವದಾಗ, ಅದೂ ಸತ್ಯದ ದಿನಾ. ಮುನಿಗಳಿಗೆ ಹೇಳಿದೆ. ಜಪಾ ಮಾಡು ಸಾಕು ಅಂದ್ರು. ನನಗ ಸಮಾಧಾನ ಆಗಲಿಲ್ಲ. ನಾಳೆ ಒಂದ ಉಪವಾಸ ಮಾಡ್ತೇನಿ."

ಡಾಕ್ಟರ ಹೆಸರು ಹೇಳಿದೆ, ಕಾಲು ಹಿಡಿದೆ. "ನಾನ ಫೋನ್ ಮಾಡಿ ಖರೇ ಹೇಳ್ತೇನಿ, ನೀ ಉಪವಾಸ ಬಿಡು," ಅಂದೆ.

"ನೀ ಹೇಳಿದ್ರ ನಿನ್ನ ಸುಳ್ಳ ಹೊಕ್ಕೈತಿ. ನಂದು ಹ್ಯಾಂಗ ಹೋಗ್ತೈತೋ?" ಎಂದಳು.

ಮರುದಿನ ಬೆಳಿಗ್ಗೆ ಅವಳು ಬಸದಿಯಿಂದ ಬಂದು ಗೋಡೆಗೆ ಒರಗಿ ಕೂತಳು. ನಾನು ಪಡಸಾಲೆಗೆ ಹೋಗಿ ಅಳಿಯನಿಗೆ ಫೋನು ಹಚ್ಚಿ ಎಲ್ಲ ಹೇಳಿದೆ. ಹದಿನೇಳು ಕೊಡುತ್ತದೆ, ಇಪ್ಪತ್ತನಾಲ್ಕಲ್ಲ, ದಾರಿಯಲ್ಲಿ ಡೀಸೆಲ್ ಮುಗಿದು ನಿಂತಿತ್ತು ಅಂತ. ಅವನು ಗಟ್ಟಿಯಾಗಿ ನಕ್ಕ.

"ಹದಿನೇಳಂದ್ರ ಚಲೋನ ಐತಲ್ರಿ! ನಂದು ಹದಿನಾರ ಕೊಡತೈತಿ. ಇಪ್ಪತ್ತೆರಡು ಇಪ್ಪತ್ನಾಕು ಎಲ್ಲಾ ಹೇಳೂ ಮಾತ್ರಿ ಪಾವಣ್ಯಾರ. ನಿಮ್ಮದೂ ಅಷ್ಟ ಕೊಡತೈತಿ ಅಂತ ನನಗ ಅವತ್ತ ಗೊತ್ತಿತ್ತು."

ಫೋನು ಇಟ್ಟು ಗಡಿಯಾರ ನೋಡಿದೆ. ಇನ್ನೂ ಹತ್ತೂ ಆಗಿರಲಿಲ್ಲ. ಅವ್ವ ಇನ್ನು ನೀರು ಮುಟ್ಟುವುದು ನಾಳೆ ಬೆಳಿಗ್ಗೆ.